ಎಲ್ಲರೂ ಒಂದೇ ಫೋನನ್ನು ಕೇಳಿದರೆ ಊರಿನ ಬುದ್ಧಿ ಎಲ್ಲಿ ಉಳಿಯುತ್ತದೆ?

ತಿಪಟೂರು ಎಪಿಎಂಸಿಯ ಕೊಬ್ಬರಿ ಟೆಂಡರ್ ನೋಡಿದವರಿಗೆ ಇದು ಗೊತ್ತು. ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ಉಂಡೆ ಕೊಬ್ಬರಿಯನ್ನು ರೈತ ಮಂಡಿಗೆ ತಂದು ಹಾಕುತ್ತಾನೆ. ಖರೀದಿದಾರರು ಗಾತ್ರ, ಬಣ್ಣ, ಒಣಗಿದ್ದು ನೋಡಿ ತಮಗೆ ತೋಚಿದ ದರ ಹಾಕುತ್ತಾರೆ. ಪಕ್ಕದವ ಎಷ್ಟು ಹಾಕಿದ ಅಂತ ಗೊತ್ತಾಗಬಾರದು. ಮೊದಲು ಚೀಟಿ ಇತ್ತು, ಈಗ ಆನ್‌ಲೈನ್. ಆದರೆ ದರ ಹುಟ್ಟುವುದು ಕಂಪ್ಯೂಟರಿನಿಂದ ಅಲ್ಲ, ಅಷ್ಟು ಜನರ ಕಣ್ಣಿನಿಂದ. ನಾಳೆ ಎಲ್ಲ ಖರೀದಿದಾರರೂ ಒಂದೇ ಆ್ಯಪ್ ಕೇಳಿ ದರ ಹಾಕಲು ಶುರು ಮಾಡಿದರೆ? ಟೆಂಡರ್ ಹೆಸರಿಗೆ ಇರುತ್ತದೆ, ರೈತನ ಪಾಲಿಗೆ ಇರುವುದು ಒಬ್ಬನೇ ಖರೀದಿದಾರ.

1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಒಂದು ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆ ನಡೆಯಿತು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆಮೇಲೆ 787 ಚೀಟಿಗಳನ್ನು ಜೋಡಿಸಿ ನೋಡಿದ. ಸರಿಯಾಗಿ ನಡುವೆ ಬಂದ ಊಹೆ 1,207 ಪೌಂಡ್. ನಿಜ ತೂಕ 1,198. ಸಾಮಾನ್ಯ ಜನರ ಬುದ್ಧಿಯ ಮೇಲೆ ಅವನಿಗೇನೂ ದೊಡ್ಡ ನಂಬಿಕೆ ಇರಲಿಲ್ಲ, ಲೆಕ್ಕವೇ ಅವನ ಬಾಯಿ ಕಟ್ಟಿತು. ಪ್ರತಿಯೊಬ್ಬನೂ ಎತ್ತನ್ನು ತಾನೇ ನೋಡಿ ತಾನೇ ಬರೆದದ್ದರಿಂದ ಅದು ಸಾಧ್ಯವಾಯಿತು. ಪ್ರಜಾಪ್ರಭುತ್ವವೂ ಇದೇ ನಂಬಿಕೆಯ ಮೇಲೆ ನಿಂತಿದೆ.

ಈಗ ನಮ್ಮ ಯುವಕರು ಯಾರಿಗೆ ಓಟು ಹಾಕುವುದು, ಜಮಾಅತ್‌ನ ಜಾಗ ಏನು ಮಾಡುವುದು ಅಂತ ಎಐಯನ್ನು ಕೇಳುತ್ತಾರೆ. ಮಶ್ವರಾಕ್ಕೆ ಕೂತವರ ಮಧ್ಯೆಯೇ ಫೋನ್ ತೆಗೆದು ಉತ್ತರ ಓದುತ್ತಾರೆ. ಫೋನ್ ಹರಾಮು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಅರ್ಜಿ ಬರೆಯಲು, ಸರ್ಕಾರಿ ಆದೇಶ ಅರ್ಥ ಮಾಡಿಕೊಳ್ಳಲು ಮಕ್ಕಳು ಧಾರಾಳ ಬಳಸಲಿ. ಆದರೆ ಈ ಯಂತ್ರ ಕಲಿತದ್ದು ಬರಹದಿಂದ. ಬ್ಯಾರಿ ಮಾತು ನೂರಾರು ವರ್ಷ ಬಾಯಲ್ಲೇ ಉಳಿದದ್ದು. ಸಾಹಿತ್ಯ ಅಕಾಡೆಮಿ ಬಂದದ್ದೇ 2009ರಲ್ಲಿ. ನಳ್ಳಿಯಲ್ಲಿ ನೀರು ಬರದ್ದಕ್ಕೆ ನಮ್ಮ ಉಮ್ಮಂದಿರು ಬೈದದ್ದು ಎಲ್ಲಿ ಬರಹಕ್ಕೆ ಬಂದಿದೆ? ಅದು "ಜನ ಹೀಗೆ ಹೇಳುತ್ತಾರೆ" ಅಂದಾಗ ಆ ಜನರಲ್ಲಿ ನಾವು ಎಷ್ಟು ಮಂದಿ ಇದ್ದೇವೆ ಅಂತ ಕೇಳಬೇಕು. ತೆಂಗಿನ ಮರ ಹತ್ತುವವನ ಮಾತೂ ಅಲ್ಲಿಲ್ಲ.

ಇನ್ನೊಂದು ವಿಷಯ ನಮ್ಮ ರಾಜ್ಯದ್ದೇ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಮತದಾರರ ಹೆಸರು ತೆಗೆಯಿರಿ ಎಂದು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿ ಇದ್ದದ್ದು 24. ಉಳಿದ 5,994 ತಿರಸ್ಕೃತವಾದವು. ಯಾರದೋ ಹೆಸರು ತೆಗೆಯಲು ಇನ್ಯಾರದೋ ಹೆಸರಲ್ಲಿ ಅರ್ಜಿ; ಆ ಇನ್ಯಾರಿಗೋ ಗೊತ್ತೇ ಇಲ್ಲ. ಇದು ಬಯಲಾದದ್ದು ಹೇಗೆ? ಒಬ್ಬ ಮತಗಟ್ಟೆ ಅಧಿಕಾರಿ ಹೆಂಗಸಿನ ಕೈಗೆ ಅವರ ಹತ್ತಿರದ ಸಂಬಂಧಿಯ ಹೆಸರು ತೆಗೆಯುವ ಅರ್ಜಿಯೇ ಬಂತು. ಮನುಷ್ಯ ಊರಲ್ಲೇ ಇದ್ದಾನಲ್ಲ ಅಂತ ಅವರಿಗೆ ಗೊತ್ತಿತ್ತು. ಹೋಗಿ ಕೇಳಿದರು. 2023ರ ಫೆಬ್ರವರಿಯಲ್ಲಿ ಎಫ್‌ಐಆರ್ ಆಯಿತು, ಸಿಐಡಿಗೆ ಹೋಯಿತು, 2025ರಲ್ಲಿ ಎಸ್‌ಐಟಿ ಬಂತು. ಇದನ್ನು ಎಐ ಮಾಡಿತು ಅಂತ ನಾನು ಹೇಳುತ್ತಿಲ್ಲ. ಯಾರು ಮಾಡಿದರು ಅನ್ನುವುದು ತನಿಖೆಯವರ ಕೆಲಸ. ಆದರೆ ಸಾವಿರ ಅರ್ಜಿ ತುಂಬುವುದು ಈಗ ಇನ್ನೂ ಸಲೀಸು. "ಈತ ಇಲ್ಲೇ ಇದ್ದಾನೆ" ಅಂತ ಹೇಳಲು ಮಾತ್ರ ನೆರೆಮನೆಯವರೇ ಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ನಾವು ಚದುರಿ ಇದ್ದೇವೆ. ಒಂದು ಊರಲ್ಲಿ ನಾಲ್ಕು ಮನೆ, ಇನ್ನೊಂದರಲ್ಲಿ ಎರಡು. ನಮ್ಮನ್ನು ಗುರುತಿಸಬೇಕಾದವರು ಪಕ್ಕದ ತೋಟದ ಗೌಡರು, ಲಿಂಗಾಯತರು, ಕುರುಬರು. ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು ಅಂತ ಕಾನೂನೇ ಇದೆ. ನಮ್ಮವರು ಅಲ್ಲಿ ಕಾಣುವುದು ಅಪರೂಪ, ಹೆಂಗಸರಂತೂ ಇಲ್ಲವೇ ಇಲ್ಲ. ಮುಖವೇ ನೋಡದವರು ನಮ್ಮ ಪರ ಏನು ಸಾಕ್ಷಿ ಹೇಳಿಯಾರು?

ಮತದಾರರ ಪಟ್ಟಿ ಪ್ರಕಟವಾದಾಗ ಫೋನಲ್ಲಿ ಒಬ್ಬೊಬ್ಬರೇ ಹುಡುಕಿ ಸುಮ್ಮನಾಗುವುದು ಬೇಡ. ನಾಲ್ಕು ಮಂದಿ ಕೂತು ಬೀದಿಯ ಇಡೀ ಪಟ್ಟಿಯನ್ನು ಜೋರಾಗಿ ಓದಿ. ಮುಹಮ್ಮದ್ ಎಂಬ ಒಂದೇ ಹೆಸರು ಎಷ್ಟು ತರ ಬರೆದಿರುತ್ತದೆ ನೋಡಿ, ಆಧಾರ್‌ನಲ್ಲಿ ಒಂದು, ಇಲ್ಲಿ ಒಂದು. ಓದುವಾಗ ಬೇರೆಯವರ ಮನೆಯ ಹೆಸರು ಬಿಟ್ಟದ್ದು ಕಂಡರೂ ಹೇಳಿ. ತೀರಿಹೋದವರ ಹೆಸರು ಇದ್ದರೆ ತೆಗೆಸಿ. ಊರಲ್ಲೂ ಇಲ್ಲೂ ಎರಡು ಕಡೆ ಹೆಸರು ಇಟ್ಟುಕೊಳ್ಳುವ ಚಾಳಿ ನಮ್ಮಲ್ಲಿ ಕೆಲವರಿಗೆ ಇದೆ, ಅದು ತಪ್ಪು, ಕಾನೂನಿನಲ್ಲೂ ಅವಕಾಶ ಇಲ್ಲ. ಮಂಗಳೂರು ಕಡೆಯಿಂದ ಮದುವೆಯಾಗಿ ಬಂದ ಸೊಸೆಯರ ಹೆಸರು ಇನ್ನೂ ತವರಿನ ಪಟ್ಟಿಯಲ್ಲೇ ಇದ್ದರೆ ಫಾರಂ 8 ತುಂಬಿ ಇಲ್ಲಿಗೆ ತರಬಹುದು. ತುಂಬಲು ಬಾರದಿದ್ದರೆ ಮದ್ರಸದ ದೊಡ್ಡ ಮಕ್ಕಳು ಫೋನಲ್ಲಿ ತುಂಬಿ ಕೊಡುತ್ತಾರೆ.