ನಿಂಟೆಂಡೊ ಸ್ವಿಚ್: ಅನ್ಯ ಸಂಸ್ಥೆಗಳ ಆಟಗಳು

ಜಪಾನಿನ ನಿಂಟೆಂಡೊ ಸಂಸ್ಥೆಯು 2017ರ ಮಾರ್ಚ್ 3ರಂದು ಬಿಡುಗಡೆ ಮಾಡಿದ ಸ್ವಿಚ್, ಟಿವಿಗೆ ಜೋಡಿಸಿಯೂ ಕೈಯಲ್ಲಿ ಹಿಡಿದೂ ಆಡಬಹುದಾದ ವಿಡಿಯೋ ಗೇಮ್ ಸಾಧನ. ಹಿಂದಿನ ವೀ ಯು ಸಾಧನದಿಂದ ದೂರ ಸರಿದಿದ್ದ ಅನ್ಯ ಸಂಸ್ಥೆಗಳು ಇದಕ್ಕೆ ಮರಳಿದವು. 2019ರಲ್ಲಿ 'ದಿ ವಿಚರ್ 3'ರಂತಹ ಬೃಹತ್ ಆಟವೂ 32 ಜಿಬಿ ಕಾರ್ಡಿನಲ್ಲಿ ಅಡಕವಾಯಿತು. ಚಿತ್ರದ ಸ್ಪಷ್ಟತೆ ಕುಗ್ಗಿದರೂ ಅದನ್ನು ರೈಲಿನಲ್ಲಿ ಕುಳಿತು ಆಡುವುದು ಸಾಧ್ಯವಾಯಿತು.

2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿ ಬೇರೆಯೇ ಪ್ರಶ್ನೆ ಎದ್ದಿದೆ. 'ಸೈಬರ್‌ಪಂಕ್ 2077' 64 ಜಿಬಿ ಕಾರ್ಡಿನಲ್ಲಿ ದೊರೆತರೆ, 'ಸ್ಟ್ರೀಟ್ ಫೈಟರ್ 6'ರ ಗೇಮ್-ಕೀ ಕಾರ್ಡಿನಲ್ಲಿ ಆಟವೇ ಇಲ್ಲ, ಬೀಗದ ಕೈ ಮಾತ್ರ. ಆಟವನ್ನು ಅಂತರಜಾಲದಿಂದ ಇಳಿಸಿಕೊಳ್ಳಬೇಕು. ಬಳಿಕವೂ ಆಡುವಾಗ ಕಾರ್ಡು ಸಾಧನದಲ್ಲಿರಲೇಬೇಕು. ಪ್ರಯಾಣಕ್ಕೆ ಇದರಿಂದ ಹೆಚ್ಚಿನ ಅಡ್ಡಿಯಿಲ್ಲ. ಆದರೆ ಸರ್ವರ್ ಮುಚ್ಚಿದ ಮೇಲೆ, ಹಣ ಕೊಟ್ಟು ಕೊಂಡ ಕಾರ್ಡಿನಿಂದ ಆಟವನ್ನು ಮತ್ತೆ ಪಡೆಯಲಾಗದು.