ಮರಳಿ ಬಂದ ಸಿವಂಗಿ

ಈ ಪ್ರಾಣಿಯ ಕಥೆಯನ್ನು ಅದರ ಹೆಸರಿನ ಗೊಂದಲದಿಂದಲೇ ಪ್ರಾರಂಭಿಸಬೇಕಾಗುತ್ತದೆ. ಚಿರತೆಯೆಂದರೆ ಯಾವುದೆಂಬುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ಊರ ಹೊರಗಿನ ಗುಡ್ಡಗಳಿಂದ ಇರುಳಿನಲ್ಲಿ ಇಳಿದು ಬಂದು ನಾಯಿಯನ್ನೋ ಕರುವನ್ನೋ ಹೊತ್ತೊಯ್ಯುವ ಮೃಗವದು. ‘ಚೀತಾ’ ಎಂಬುದು ಬೇರೆಯೇ ಪ್ರಾಣಿ. ಎರಡಕ್ಕೂ ಹೊಂಬಣ್ಣದ ಮೈ, ಮೈತುಂಬ ಕಪ್ಪು ಕಲೆ. ಹೆಸರುಗಳೂ ಕಿವಿಗೆ ಹೆಚ್ಚು ಕಡಮೆ ಒಂದೇ ಬಗೆ. ಆದುದರಿಂದ ಒಂದನ್ನು ಮತ್ತೊಂದೆಂದು ತಿಳಿಯುವುದು ಸಾಮಾನ್ಯವಾಗಿಬಿಟ್ಟಿದೆ. ಆದರೆ ಚೀತಾ ಕನ್ನಡಕ್ಕೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಪ್ರಾಣಿಶಾಸ್ತ್ರ ಗ್ರಂಥವೊಂದು ಇದರ ಕನ್ನಡ ಹೆಸರೆಂದು ‘ಸಿವಂಗಿ’ ಎಂಬ ಪದವನ್ನು ಕೊಡುತ್ತದೆ. ಪ್ರಾಣಿಯು ನೆಲದಿಂದ ಮರೆಯಾಯಿತು. ಪದವೂ ನಾಲಗೆಯಿಂದ ಜಾರಿಹೋಯಿತು.

ಇವೆರಡನ್ನು ಬೇರ್ಪಡಿಸಿ ಗುರುತಿಸುವುದು ಕಷ್ಟವೇನಲ್ಲ. ಚಿರತೆಯ ಕಲೆಗಳು ದಳ ಬಿಚ್ಚಿದ ಹೂವಿನಂತೆ ಬಳೆಯಾಗಿರುತ್ತವೆ. ಚೀತಾದ ಚುಕ್ಕೆಗಳಾದರೋ ಕುಂಚದ ತುದಿಯಿಂದ ಒಂದೊಂದಾಗಿ ಇಟ್ಟ ಮಸಿಯ ಬೊಟ್ಟುಗಳು. ಕಣ್ಣಿನ ಒಳಮೂಲೆಯಿಂದ ಬಾಯಿಯವರೆಗೆ ಕಾಡಿಗೆ ಕರಗಿ ಇಳಿದಂತೆ ಕಪ್ಪು ಗೆರೆಯೊಂದಿರುತ್ತದೆ. ಚಿರತೆ ಮರವೇರುವ ಗಟ್ಟಿಮುಟ್ಟಾದ ಮಲ್ಲ; ಚೀತಾ ಉದ್ದ ಕಾಲಿನ, ಪುಟ್ಟ ತಲೆಯ, ಸಣ್ಣ ನಡುವಿನ ಓಟಗಾರ. ಇದರ ತೂಕ ಸಾಮಾನ್ಯವಾಗಿ 35ರಿಂದ 60 ಕಿಲೋಗ್ರಾಂ. ಸಿಂಹ ಹುಲಿಗಳಂತೆ ಇದು ಗರ್ಜಿಸಲಾರದು. ಸಂತೋಷವಾದಾಗ ಮನೆಯ ಬೆಕ್ಕಿನಂತೆ ಗುರುಗುಟ್ಟುತ್ತದೆ. ಮರಿಗಳನ್ನು ಕರೆಯುವಾಗ ಹಕ್ಕಿಯಂತೆ ಚಿಲಿಪಿಲಿಗುಟ್ಟುತ್ತದೆ.

ನೆಲದ ಮೇಲೆ ಓಡುವ ಪ್ರಾಣಿಗಳಲ್ಲಿ ಇದಕ್ಕಿಂತ ವೇಗವಾದುದಿಲ್ಲ. ಗಂಟೆಗೆ ಸುಮಾರು 100 ಕಿಲೋಮೀಟರಿನ ವೇಗವನ್ನು ಅದು ಕೆಲವೇ ಕ್ಷಣಗಳಲ್ಲಿ ಮುಟ್ಟಬಲ್ಲದು. ದೇಹದ ಒಂದೊಂದು ಅಂಗವೂ ಈ ಒಂದು ಕಾರ್ಯಕ್ಕಾಗಿಯೇ ರೂಪುಗೊಂಡಂತಿದೆ. ಅಗಲವಾದ ಮೂಗಿನ ಹೊಳ್ಳೆಗಳು ಉಸಿರನ್ನು ತುಂಬಿಕೊಳ್ಳುತ್ತವೆ. ಬೆನ್ನೆಲುಬು ಬಿಲ್ಲಿನಂತೆ ಬಾಗಿ, ಮರುಕ್ಷಣವೇ ನೀಳವಾಗಿ ಚಾಚಿಕೊಳ್ಳುತ್ತದೆ. ಒಂದೊಂದು ನೆಗೆತವೂ ಸುಮಾರು 7 ಮೀಟರ್. ಇತರ ಬೆಕ್ಕುಗಳು ತಮ್ಮ ಉಗುರುಗಳನ್ನು ಒರೆಯಲ್ಲಿಟ್ಟ ಕತ್ತಿಯಂತೆ ಒಳಗೆ ಅಡಗಿಸಿಕೊಂಡರೆ, ಚೀತಾದ ಉಗುರುಗಳು ಪೂರ್ತಿ ಒಳಸೇರದೆ ನೆಲವನ್ನು ಕಚ್ಚಿ ಹಿಡಿಯುತ್ತವೆ. ಜಿಂಕೆ ಥಟ್ಟನೆ ದಿಕ್ಕು ಬದಲಿಸಿದಾಗ ಉದ್ದನೆಯ ಬಾಲವು ದೋಣಿಯ ಚುಕ್ಕಾಣಿಯಂತೆ ಮೈಯನ್ನು ತಿರುಗಿಸುತ್ತದೆ.

ಆದರೆ ಈ ವೇಗಕ್ಕೆ ತೆರಬೇಕಾದ ಬೆಲೆಯೂ ದೊಡ್ಡದು. ಅಂತಹ ಓಟ ಒಂದು ನಿಮಿಷವೂ ನಡೆಯದು. ಕೆಲವು ನೂರು ಮೀಟರುಗಳೊಳಗೆ ಬೇಟೆ ಸಿಕ್ಕದಿದ್ದರೆ ಚೀತಾ ಕೈಬಿಡುತ್ತದೆ. ಸಿಕ್ಕಿದಾಗಲೂ, ಗಂಟಲನ್ನು ಹಿಡಿದು ಕೊಂದಮೇಲೆ ಒಡನೆಯೇ ಉಣ್ಣಲಾರದೆ ಏದುಸಿರು ಬಿಡುತ್ತ ಪಕ್ಕದಲ್ಲಿಯೇ ಒರಗಿಬಿಡುತ್ತದೆ. ಆ ಹೊತ್ತಿಗೆ ಸಿಂಹವೋ ಕತ್ತೆಕಿರುಬವೋ ಬಂದರೆ ಊಟ ಅವುಗಳ ಪಾಲು. ಹಗುರವಾದ ಮೈಯೇ ಬದುಕಿಗೆ ಆಧಾರವಾಗಿರುವಾಗ ಗಾಯಗೊಂಡು ಕುಂಟುವುದೆಂದರೆ ಹಸಿದು ಸಾಯುವುದೇ ಸರಿ; ಆದುದರಿಂದ ಚೀತಾ ಜಗಳಕ್ಕೆ ನಿಲ್ಲುವುದಿಲ್ಲ. ಬಲಶಾಲಿಗಳು ನಿದ್ರಿಸುವ ಹಗಲಿನಲ್ಲಿಯೇ ಅದು ಹೆಚ್ಚಾಗಿ ಬೇಟೆಯಾಡುವುದಕ್ಕೂ ಇದೇ ಕಾರಣ.

ಇದರ ಸಂಸಾರದ ರೀತಿಯೂ ವಿಶಿಷ್ಟವಾದುದು. ಹೆಣ್ಣು ಒಂಟಿಯಾಗಿ ಬಾಳುತ್ತದೆ. ಮೂರು ತಿಂಗಳು ಗರ್ಭ ಧರಿಸಿ, ಸಾಮಾನ್ಯವಾಗಿ ಮೂರರಿಂದ ಐದು ಮರಿಗಳನ್ನು ಈಯುತ್ತದೆ. ವಾಸನೆ ಹಿಡಿದು ಶತ್ರುಗಳು ಬಾರದಿರಲೆಂದು ಕೆಲವು ದಿನಗಳಿಗೊಮ್ಮೆ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೊಸ ಪೊದೆಗೆ ಸಾಗಿಸುತ್ತದೆ. ಇಷ್ಟು ಜೋಪಾನ ಮಾಡಿದರೂ, ಸಿಂಹಗಳು ಹೇರಳವಾಗಿರುವ ಸೆರೆಂಗೆಟಿಯಂತಹ ಬಯಲಿನಲ್ಲಿ ನೂರಕ್ಕೆ ಹತ್ತು ಮರಿಗಳೂ ಪ್ರಾಯಕ್ಕೆ ಬರುವುದಿಲ್ಲವೆಂದು ಅಲ್ಲಿಯ ಅಧ್ಯಯನವೊಂದು ಕಂಡುಕೊಂಡಿದೆ. ಉಳಿದವು ಸುಮಾರು ಒಂದೂವರೆ ವರ್ಷ ತಾಯಿಯ ಬಳಿಯಿದ್ದು ಬೇಟೆಯ ಪಾಠ ಕಲಿಯುತ್ತವೆ. ಬೇರೆಯಾದ ಮೇಲೆ ಹೆಣ್ಣುಮರಿಗಳು ತಮ್ಮ ತಮ್ಮ ದಾರಿ ಹಿಡಿಯುತ್ತವೆ; ಅಣ್ಣತಮ್ಮಂದಿರು ಮಾತ್ರ ಅನೇಕ ವೇಳೆ ಜೀವಮಾನವಿಡೀ ಜೊತೆಗೂಡಿಯೇ ಇರುತ್ತಾರೆ.

ಕಾಡಿನಲ್ಲಿ ಸ್ವತಂತ್ರವಾಗಿರುವ ಚೀತಾ ಮನುಷ್ಯನನ್ನು ಕೊಂದ ದಾಖಲೆಯಿಲ್ಲ. ಈ ಸೌಮ್ಯ ಸ್ವಭಾವವೇ ಅದರ ಪಾಲಿಗೆ ಮುಳುವಾಯಿತೆನ್ನಬಹುದು. ಪಳಗಿಸಿದರೆ ನಾಯಿಯಂತೆ ವಿಧೇಯವಾಗುವ ಈ ಮೃಗವನ್ನು ಅರಸರು ಬೇಟೆಗೆ ಬಳಸತೊಡಗಿದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಇಂತಹ ಬೇಟೆಯ ಪ್ರಸ್ತಾಪವಿದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನೂ ಬೇಟೆಯ ಚೀತಾಗಳನ್ನು ಸಾಕಿದ್ದನು. ಕಣ್ಣಿಗೆ ಕುಲಾವಿ ಕಟ್ಟಿ, ಎತ್ತಿನ ಗಾಡಿಯ ಮೇಲೆ ಕೂರಿಸಿ, ಕೃಷ್ಣಮೃಗಗಳ ಹಿಂಡಿನ ಸಮೀಪಕ್ಕೆ ಒಯ್ದು ಕುಲಾವಿಯನ್ನು ತೆಗೆದರೆ ಸಾಕು. ಮುಂದಿನ ಕೆಲಸ ಚೀತಾದ್ದು.

ತನ್ನ ತಂದೆ ಅಕ್ಬರನು ಸಾವಿರ ಚೀತಾಗಳನ್ನು ಕೂಡಿಸಿದ್ದನೆಂದು ಜಹಾಂಗೀರನು ಬರೆದಿಟ್ಟಿದ್ದಾನೆ. ಆದರೆ ಸೆರೆಯಲ್ಲಿ ಅವು ಮರಿ ಹಾಕುತ್ತಿರಲಿಲ್ಲ. ಜಹಾಂಗೀರನ ಕಾಲದಲ್ಲಿ ಒಂದು ಹೆಣ್ಣು ಮೂರು ಮರಿಗಳನ್ನು ಈದುದು ಆತನೇ ಬರೆದಿಡುವಷ್ಟು ಅಪೂರ್ವ ಸಂಗತಿಯಾಗಿತ್ತು. ಅನಂತರ ಸೆರೆಯಲ್ಲಿ ಚೀತಾ ಮರಿ ಹಾಕಿದ ವಾರ್ತೆಗೆ 1956ರ ಫಿಲಡೆಲ್ಫಿಯಾ ಮೃಗಾಲಯದವರೆಗೆ ಕಾಯಬೇಕಾಯಿತು. ಅಂದರೆ ಅರಮನೆಗಳ ಸರಪಳಿಯಲ್ಲಿದ್ದ ಪ್ರತಿಯೊಂದು ಚೀತಾವೂ ಕಾಡಿನಿಂದಲೇ ಹಿಡಿದು ತಂದುದು. ತಾಯಿಯಿಂದ ಬೇಟೆ ಕಲಿಯದ ಮರಿ ಬೇಟೆಗಾರರಿಗೆ ಬೇಡ. ಬೆಳೆದ ಪ್ರಾಣಿಯೇ ಬೇಕು. ಹೀಗೆ ಶತಮಾನಗಳ ಕಾಲ ಕಾಡು ಬರಿದಾಗುತ್ತ ಬಂದಿತು. ಮುಂದೆ ಕೋವಿ ಬಂದಿತು. ಹುಲ್ಲುಗಾವಲಿಗೆ ನೇಗಿಲು ಬಿದ್ದಿತು; ಕೃಷ್ಣಮೃಗಗಳ ಹಿಂಡುಗಳು ಕರಗಿದವು. 1947ರಲ್ಲಿ, ಇಂದಿನ ಛತ್ತೀಸಗಢಕ್ಕೆ ಸೇರಿದ ಕೊರಿಯಾ ಸಂಸ್ಥಾನದ ಮಹಾರಾಜನ ಗುಂಡಿಗೆ ಮೂರು ಗಂಡು ಚೀತಾಗಳು ಬಿದ್ದವು. ಭಾರತದಲ್ಲಿ ಖಚಿತವಾಗಿ ದಾಖಲಾದ ಕೊನೆಯ ಚೀತಾಗಳು ಅವೇ ಎನ್ನಲಾಗಿದೆ. 1952ರಲ್ಲಿ ಈ ಪ್ರಾಣಿ ದೇಶದಿಂದ ನಿರ್ನಾಮವಾಯಿತೆಂದು ಸಾರಲಾಯಿತು.

ಎಪ್ಪತ್ತು ವರ್ಷಗಳ ಮೇಲೆ ಕಥೆ ಬೇರೆ ದಾರಿ ಹಿಡಿಯಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದಿಂದ ಹನ್ನೆರಡು ಚೀತಾಗಳು ಮಧ್ಯಪ್ರದೇಶದ ಕೂನೋ ರಾಷ್ಟ್ರೀಯ ಉದ್ಯಾನಕ್ಕೆ ಬಂದವು. ಇವು ಹಿಂದೆ ಇಲ್ಲಿದ್ದ ಏಷ್ಯದ ಚೀತಾಗಳಲ್ಲ, ಅವುಗಳ ಆಫ್ರಿಕದ ದಾಯಾದಿಗಳು. ಏಷ್ಯದ ಚೀತಾಗಳು ಇರಾನಿನ ಮರುಭೂಮಿಯಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ.

ಹೊಸ ನೆಲದ ಬಾಳು ಸುಲಭವಾಗಲಿಲ್ಲ. ಭೂಮಧ್ಯರೇಖೆಯ ಆಚೆ ಜೂನ್ ತಿಂಗಳೆಂದರೆ ಚಳಿಗಾಲ. ಅಲ್ಲಿಂದ ಬಂದ ಪ್ರಾಣಿಗಳು ಹುಟ್ಟುಗುಣದಂತೆ ಆ ವೇಳೆಗೆ ದಟ್ಟವಾದ ತುಪ್ಪಳವನ್ನು ಬೆಳೆಸಿಕೊಂಡವು. ಆದರೆ ಇಲ್ಲಿ ಬಂದುದು ಮಳೆಗಾಲ. ತೊಯ್ದ ತುಪ್ಪಳದಡಿಯಲ್ಲಿ ಗಾಯಗಳು ಕೀವುಗೊಂಡು 2023ರಲ್ಲಿ ಕೆಲವು ಚೀತಾಗಳು ಸತ್ತವು. ಅದೇ ವರ್ಷ ‘ಜ್ವಾಲಾ’ ಎಂಬ ಹೆಣ್ಣು ಈದ ನಾಲ್ಕು ಮರಿಗಳಲ್ಲಿ ಮೂರು ಮೇ ತಿಂಗಳ ಬಿಸಿಲಿನಲ್ಲಿ ಅಸುನೀಗಿದವು. ಉಳಿದ ಒಂದು ಹೆಣ್ಣುಮರಿಯನ್ನು ಪಾಲಕರು ತಾವೇ ಸಾಕಿ ಉಳಿಸಿಕೊಂಡರು. ‘ಮುಖಿ’ ಎಂಬ ಹೆಸರಿನ ಆ ಮರಿ ಬೆಳೆದು, 2025ರ ನವೆಂಬರಿನಲ್ಲಿ ತಾನೇ ಐದು ಮರಿಗಳ ತಾಯಿಯಾಯಿತು.

ಇಷ್ಟರಿಂದಲೇ ಚೀತಾ ಭಾರತದಲ್ಲಿ ಬೇರೂರಿತೆಂದು ಹೇಳಲಾಗದು. ಒಂದೊಂದಕ್ಕೂ ಹತ್ತಾರು ಮೈಲಿಗಳ ಬಯಲು ಬೇಕು. ಆ ಬಯಲಿನಲ್ಲಿ ಹುಲ್ಲಿರಬೇಕು, ಹುಲ್ಲಿನಲ್ಲಿ ಜಿಂಕೆಯಿರಬೇಕು. ಮರಗಳಿರುವ ನೆಲವನ್ನು ಮಾತ್ರ ಕಾಡೆಂದು ಗೌರವಿಸಿ, ಹುಲ್ಲಿನ ಬಯಲನ್ನು ಬಂಜರೆಂದು ಕಡತದಲ್ಲಿ ಬರೆದುಕೊಳ್ಳುವ ಅಭ್ಯಾಸ ಬಹಳ ಹಳೆಯದು. ರಾಣೆಬೆನ್ನೂರಿನ ಕೃಷ್ಣಮೃಗಗಳಿಗೂ, ಬಳ್ಳಾರಿ ಸೀಮೆಯ ಎರೆಭೂತ ಹಕ್ಕಿಗೂ, ಬಯಲುಸೀಮೆಯ ತೋಳಕ್ಕೂ ಆ ಬಂಜರೇ ಮನೆ. ಓಡುವುದಕ್ಕಾಗಿಯೇ ಹುಟ್ಟಿದ ಪ್ರಾಣಿಯನ್ನು ವಿಮಾನದಲ್ಲಿ ಕರೆತರುವುದು ಒಂದು ದಿನದ ಕೆಲಸ. ಅದು ಓಡಲು ನೆಲವನ್ನು ಉಳಿಸಿಕೊಡುವುದು ತಲೆಮಾರುಗಳ ಕೆಲಸ.