ಬ್ಲೋವರ್ ಬಿಚ್ಚುವ ಮುನ್ನ

ಇಗತಪುರಿಗೆ ಎ.ಸಿ. ಹೊಸದಲ್ಲ. ಮುಂಬಯಿಯಿಂದ 1500 ವೋಲ್ಟ್ ಡಿ.ಸಿ.ಯಲ್ಲಿ ಘಾಟ್ ಹತ್ತಿ ಬಂದ ರೈಲುಗಳಿಗೆ ಒಂದು ಕಾಲದಲ್ಲಿ ಇಲ್ಲೇ ಎಂಜಿನ್ ಬದಲಿಸಿ, 25 ಸಾವಿರ ವೋಲ್ಟಿನ ಎ.ಸಿ. ತಂತಿಗೆ ಒಪ್ಪಿಸುತ್ತಿದ್ದರು. ಈ ಸಲ ನನ್ನ ಮಾತು ಗೋಡೆ ಮೇಲಿನ ಎ.ಸಿ. ಬಗ್ಗೆ.

ಇಲ್ಲಿ ಮಳೆ ಹಿಡಿದರೆ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ. ಜೂನಿನಲ್ಲಿ ನಿಲ್ಲಿಸಿದ ಎ.ಸಿ.ಯನ್ನು ಅಕ್ಟೋಬರ್ ಸೆಕೆಗೆ ಹಾಕಿದರೆ ಹಸಿ ಗೋಣಿಚೀಲದ ವಾಸನೆ. ಫಿಲ್ಟರ್ ತೊಳೆದರೂ ಹೋಗದು. ತಪ್ಪಿತಸ್ಥ ಒಳಗಿನ ಉದ್ದನೆಯ ಬ್ಲೋವರ್. ಅದರ ರೆಕ್ಕೆಗಳಲ್ಲಿ ಧೂಳು, ತೇವ ಸೇರಿ ಕಪ್ಪು ಬೂಷ್ಟು ಕಟ್ಟುತ್ತದೆ. ಉಬ್ಬಸ ಇರುವವರ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಬಿಚ್ಚುವ ಕೆಲಸ ರಿಮೋಟಿನಿಂದಲ್ಲ, ಎಂಸಿಬಿಯಿಂದ ಶುರು. ರಿಮೋಟ್ ಒತ್ತಿದರೆ ಎ.ಸಿ. ಮಲಗುತ್ತದೆ, 230 ವೋಲ್ಟ್ ಎದ್ದೇ ಇರುತ್ತದೆ. ಎಂಸಿಬಿ ಇಳಿಸಿ, ಅದರ ಮೇಲೆ "ಕೆಲಸ ನಡೆದಿದೆ" ಎಂದು ಚೀಟಿ ಅಂಟಿಸಿ. ಟ್ರಿಪ್ ಆಗಿದೆ ಎಂದುಕೊಂಡು ಮನೆಯವರೇ ಮೇಲೆತ್ತುವುದುಂಟು. ಕೆಪಾಸಿಟರ್ ಚಾರ್ಜ್ ಇಳಿಯಲು ಹತ್ತು ನಿಮಿಷ ಬಿಡಿ. ಕರೆಂಟ್ ಇಲ್ಲವೆಂದು ಮಲ್ಟಿಮೀಟರಿನಲ್ಲಿ ನೋಡಿ. ದೀಪದ ಟೆಸ್ಟರನ್ನು ಪೂರ್ತಿ ನಂಬಬೇಡಿ.

ಮುಂದಿನದು ತಾಳ್ಮೆಯ ಕೆಲಸ. ಹೊರ ಕವಚ, ನೀರಿನ ತಟ್ಟೆ ತೆಗೆಯಿರಿ. ಪ್ರತಿ ವೈರಿನ ಫೋಟೋ ತೆಗೆದ ಮೇಲೆ ಕನೆಕ್ಟರ್ ಬಿಡಿಸಿ. ಕೈಗವಸು ಇರಲಿ, ಕಾಯಿಲಿನ ಅಲ್ಯೂಮಿನಿಯಂ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಸಾಮಾನ್ಯವಾಗಿ ಮೋಟಾರ್ ಬದಿಯಲ್ಲಿ ಬ್ಲೋವರಿಗೆ ಒಂದೇ ಸ್ಕ್ರೂ. ಅದನ್ನು ಸಡಿಲಿಸಿ, ಕಾಯಿಲನ್ನು ತುಸುವೇ ಎತ್ತಿ ಜಾರಿಸಬೇಕು. ಕಾಯಿಲ್ ಎತ್ತಲು ಬಗ್ಗದಿದ್ದರೆ ಅಲ್ಲಿಗೇ ನಿಲ್ಲಿಸಿ. ತಾಮ್ರದ ಪೈಪ್ ಮಡಿಚಿದರೆ ಗ್ಯಾಸ್ ಸೋರುತ್ತದೆ. ಈಗಿನ ಅನೇಕ ಎ.ಸಿ.ಗಳಲ್ಲಿರುವ ಆರ್-32 ಬೆಂಕಿ ಹಿಡಿಯಬಲ್ಲ ಗ್ಯಾಸ್. ಪೈಪಿನ ನಟ್‌ಗಳಿಗೆ ನಾವು ಸ್ಪ್ಯಾನರ್ ಹಾಕುವಂತಿಲ್ಲ, ಅದು ಮೆಕ್ಯಾನಿಕ್ ಸೀಮೆ. ವಾರಂಟಿ ಇದ್ದರಂತೂ ಕಂಪನಿಯವರನ್ನೇ ಕರೆಯಿರಿ.

ಬ್ಲೋವರನ್ನು ಸೋಪಿನ ನೀರಲ್ಲಿ ನೆನೆಸಿ, ಮೆತ್ತನೆ ಬ್ರಷ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ. ರೆಕ್ಕೆ ಮುರಿದರೆ ತೂಕ ತಪ್ಪಿ ಗಡಗಡ ಎನ್ನುತ್ತದೆ. ಮರಳಿ ಕೂರಿಸುವಾಗ ಸ್ಕ್ರೂ ದಂಡದ ಚಪ್ಪಟೆ ಭಾಗಕ್ಕೆ ಬರಲಿ. ಕೈಯಲ್ಲಿ ತಿರುಗಿಸಿದರೆ ಎಲ್ಲೂ ತಾಗದೆ ಸುತ್ತಬೇಕು. ಆಮೇಲೆ ಎಂಸಿಬಿ.

ಇಲ್ಲಿನ ಮರಾಠಿ ಮೆಕ್ಯಾನಿಕ್ ಭಾವೂಗಳು ಸ್ಟೂಲ್ ಹತ್ತುವ ಮುಂಚೆ "ಮೇನ್ ಬಂದ್ ಕೇಲಾ ಕಾ?" ಎಂದು ಕೇಳುತ್ತಾರೆ. ನಿಮ್ಮೂರಲ್ಲಿ ಬರುವ ಹುಡುಗ ಅವಸರದಲ್ಲಿ ಕೇಳದಿದ್ದರೂ ನೀವೇ ಹೋಗಿ ಇಳಿಸಿ. ಸ್ಟೂಲ್ ಮೇಲೆ ನಿಂತವನಿಗೆ ಸಣ್ಣ ಶಾಕ್ ಕೂಡ ದೊಡ್ಡ ಪೆಟ್ಟೇ.

1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಮುದ್ರಣಾಲಯಕ್ಕೆ ಈ ಯಂತ್ರ ರೂಪಿಸಿದ್ದೇ ಗಾಳಿಯ ತೇವ ಹಿಡಿತದಲ್ಲಿಡಲು. ಆ ತೇವ ಹೊಟ್ಟೆಯಲ್ಲೇ ಉಳಿಯದಂತೆ, ನಿಲ್ಲಿಸುವ ಮೊದಲು ಅರ್ಧ ಗಂಟೆ ಫ್ಯಾನ್ ಮೋಡಿನಲ್ಲಿ ಓಡಿಸಿ. ಬಿಚ್ಚುವ ಕೆಲಸ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ.